ಕೆಂಪು ಗುಲಾಬಿಗೆ ಬಿಡುಗಡೆ
(ದೊಡ್ಡಬಳ್ಳಾಪುರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಮಗ್ಗದ ಬಂಧುಗಳೇ, ಅಂಗಡಿಯ ಮಿತ್ರರೇ,

ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಪಾಲಿಹೌಸುಗಳ ಕೆಂಪು ಗುಲಾಬಿ ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆಂದು ದೇವನಹಳ್ಳಿಯಲ್ಲಿ ವಿಮಾನವೇರುತ್ತದೆ. ಕೊಲ್ಲಿಯ ಪಟ್ಟಣಗಳಿಗೂ ಹೋಗುತ್ತದೆ. ಪಕ್ಕದ ಸೌದಿ ಅರೇಬಿಯಾದಲ್ಲಿ ಅದೇ ಹೂವು ಬಹುಕಾಲ ಕಳ್ಳಮಾಲಾಗಿತ್ತು. ಆ ವಾರ ಧರ್ಮ ಪೊಲೀಸರು ಅಂಗಡಿಗಳನ್ನು ಜಾಲಾಡಿ ಕೆಂಪು ಹೂವನ್ನೆಲ್ಲ ತೆಗೆಸುತ್ತಿದ್ದರು. ಪರಕೀಯರ ಹಬ್ಬ, ಧರ್ಮಕ್ಕೆ ಕೇಡು ಎಂಬುದು ಅವರ ವಾದ. ವರ್ತಕರು ಹಿಂಬಾಗಿಲಲ್ಲಿ ಏರಿದ ಬೆಲೆಗೆ ಮಾರುತ್ತಿದ್ದರು. ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

2016ರಲ್ಲಿ ಆ ಪೊಲೀಸರಿಗಿದ್ದ ಬಂಧಿಸುವ ಅಧಿಕಾರ ಹೋಯಿತು. 2018ರಲ್ಲಿ ಮೆಕ್ಕಾದ ಧರ್ಮ ಪೊಲೀಸರ ಮಾಜಿ ಮುಖ್ಯಸ್ಥ ಅಹ್ಮದ್ ಅಲ್-ಘಾಮ್ದಿಯವರೇ ಈ ಆಚರಣೆ ಧರ್ಮವಿರೋಧಿಯಲ್ಲ ಎಂದರು. ಗುಲಾಬಿ ಅಂಗಡಿಯ ಮುಂದಕ್ಕೆ ಬಂತು.

ಜನ ಬದಲಾದರೇ? ಕೊಳ್ಳುವವರು ಮೊದಲೇ ಕೊಳ್ಳುತ್ತಿದ್ದರು. ಬದಲಾದದ್ದು ದೊರೆಗಳ ಲೆಕ್ಕ. 2014ರಲ್ಲಿ ತೈಲದ ಬೆಲೆ ಕುಸಿದ ಮೇಲೆ ಅವರಿಗೆ ಪ್ರವಾಸಿಗರೂ ಬೇಕಾದರು, ಸಿನಿಮಾವೂ ಬೇಕಾಯಿತು. ಆದರೆ ಗುಲಾಬಿಗೆ ಬಿಡುಗಡೆಯಾದ ವರ್ಷವೇ, ಮೇ ತಿಂಗಳಲ್ಲಿ, ಹೆಂಗಸರಿಗೆ ಕಾರು ಓಡಿಸುವ ಹಕ್ಕು ಕೇಳಿದ್ದ ಲೂಜೈನ್ ಅಲ್-ಹತ್ಲೂಲ್ ಜೈಲು ಸೇರಿದರು. ಜೂನ್‌ನಲ್ಲಿ ಅದೇ ಹಕ್ಕು ಅರಮನೆಯ ಆಜ್ಞೆಯಂತೆ ಜಾರಿಗೆ ಬಂತು! ಕೇಳಿ ಪಡೆದದ್ದಲ್ಲ, ನಾವು ಕೊಟ್ಟದ್ದು ಎನ್ನಬೇಕಲ್ಲ.

ಇದು ಮುಸಲ್ಮಾನರ ಸಮಾಚಾರ ಎಂದು ಯಾರೂ ನಗಬೇಡಿ. 2009ರಲ್ಲಿ ಇದೇ ಕರ್ನಾಟಕದಲ್ಲಿ ಶ್ರೀರಾಮ ಸೇನೆ ಇದೇ ದಿನಕ್ಕೆ ಬೆದರಿಕೆ ಹಾಕಿತ್ತು.

ಇನ್ನು ಮುಳ್ಳಿನ ನಡುವೆ ಹೂ ಕೊಯ್ಯುವ ನಮ್ಮ ಹೆಣ್ಣುಮಕ್ಕಳ ಮಾತು. ಹಬ್ಬ ಯಾರದಾದರೂ ಇರಲಿ, ಆ ವಾರ ಹೊತ್ತು ಮೀರಿ ದುಡಿದ ಪ್ರತಿ ಗಂಟೆಗೂ ಎರಡರಷ್ಟು ಕೂಲಿ ಬೇಕೆಂದು ನಾವು ತೋಟದ ಮಾಲೀಕರನ್ನು ಕೇಳುತ್ತಿದ್ದೇವೆ.