ಅವ್ವನ ಡಬ್ಬಿ, ಸಂಘದ ಪೆಟ್ಟಿಗೆ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ತೊಗರಿ ದರ, ಇವುಗಳ ಬಗ್ಗೆ ನನಗಿಂತ ತಿಳಿದವರು ಈಗಾಗಲೇ ಮಾತಾಡಿದ್ದಾರೆ. ಕಾರ್ಯದರ್ಶಿಗಳು ನನಗೆ, "ನೀವು ಬ್ಯಾರೆ ಏನರೆ ಮಾತಾಡ್ರಿ, ಹೆಣ್ಮಕ್ಕಳಿಗೂ ಉಪಯೋಗ ಆಗಲಿ" ಅಂದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವ. ಡಾಕ್ಟರನೂ ಅಲ್ಲ, ನಾಟಿ ವೈದ್ಯನೂ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದು, ಆಮೇಲೆ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡದ್ದು, ಇಷ್ಟೇ ನನ್ನ ಬಂಡವಾಳ. ದವಾಖಾನಿ ದೂರ ಇದ್ದಾಗ ಮನೆಯಲ್ಲಿ ಏನು ಇಟ್ಟುಕೊಂಡಿರಬೇಕು, ಅದು ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ವಿಷಯ.

ನಮ್ಮ ಅಕ್ಕನ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿದೆ. ಅಲ್ಲಿ ಮಗುವಿಗೆ ರಾತ್ರಿ ಜ್ವರ ಬಂದರೆ ಆಟೋ ಸಿಗುತ್ತದೆ, ಮೆಡಿಕಲ್ ಅಂಗಡಿ ಸಿಗುತ್ತದೆ, ಜಿಲ್ಲಾ ದವಾಖಾನಿಯೂ ದೂರವಿಲ್ಲ. ನಮ್ಮ ಕಮಲಾಪುರ 2018ರಲ್ಲಿ ತಾಲೂಕಾಯಿತು, ಸಂತೋಷ. ಆದರೆ ಹುಮನಾಬಾದ ರಸ್ತೆ ಬಿಟ್ಟು ಒಳಗೆ ಬಂದರೆ, ಎರಡು ಹಳ್ಳ ದಾಟಿ ಹೊಲದಾಗಿನ ಮನೆಗೆ ಬಂದರೆ, ತಾಲೂಕು ಆದದ್ದು ಹಳ್ಳಕ್ಕೆ ಗೊತ್ತಿಲ್ಲ. ಮಳೆ ಜೋರಾದರೆ ಅದು ತನ್ನ ದಾರಿ ತಾನು ಹಿಡಿಯುತ್ತದೆ.

2020ರ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿರಬೇಕು. ಅತ್ತ ಭೀಮಾ ಉಕ್ಕಿ ಊರೂರು ಮುಳುಗಿದವು, ಇತ್ತ ನಮ್ಮ ತೊಗರಿ ನೀರಲ್ಲಿ ನಿಂತು ಕೊಳೆಯಿತು. ಆ ಮಳೆಯಲ್ಲೇ ಒಂದು ರಾತ್ರಿ ನನ್ನ ತಮ್ಮನ ಎರಡೂವರೆ ವರ್ಷದ ಮಗನಿಗೆ ವಾಂತಿಭೇದಿ ಶುರುವಾಯಿತು. ಹತ್ತು ಗಂಟೆಯೊಳಗೆ ಕೂಸಿನ ಕಣ್ಣು ಒಳಗೆ ಹೋದವು. ಹೊಟ್ಟೆ ಚರ್ಮ ಚಿವುಟಿ ಬಿಟ್ಟರೆ ಹಾಗೇ ಮಡಿಕೆಯಾಗಿ ನಿಲ್ಲುತ್ತಿತ್ತು. ಹಳ್ಳ ತುಂಬಿ ಹರಿಯುತ್ತಿತ್ತು. 108ಕ್ಕೆ ಫೋನ್ ಹಚ್ಚಿದರೆ ಅವರೂ, "ಹಳ್ಳದ ಆಚೆ ತನಕ ಬರ್ತೀವಿ, ನೀವು ದಾಟಿಸ್ರಿ" ಅಂದರು. ಅವರದೇನು ತಪ್ಪು?

ನಾನು ಅವಸರದಲ್ಲಿ ಒಂದು ತಂಬಿಗೆ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಲಸಿದೆ. ಅವ್ವ ನಾಲಿಗೆಗೆ ಹಚ್ಚಿ ನೋಡಿ ಅದನ್ನು ಅಂಗಳಕ್ಕೆ ಚೆಲ್ಲಿಬಿಟ್ಟಳು. "ಕಣ್ಣೀರಿನ ರುಚಿ ಗೊತ್ತದ ಇಲ್ಲೋ ನಿನಗ? ಅದಕ್ಕಿಂತ ಉಪ್ಪಾದ್ರ ಕೂಸಿಗಿ ಕುಡಿಸಬ್ಯಾಡ" ಅಂದಳು. ಕಾಯಿಸಿ ಆರಿಸಿದ ಒಂದು ಲೀಟರ್ ನೀರು, ಅದಕ್ಕೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಗುಡ್ಡೆಯಾಗಬಾರದು, ಬೆರಳಿನಿಂದ ಮಟ್ಟ ಮಾಡಿ ಹಾಕಬೇಕು. ನಮ್ಮ ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಇದು ಅವಳ ಅವ್ವನಿಂದ ಬಂದದ್ದೂ ಅಲ್ಲ, ಅಂಗನವಾಡಿ ಅಕ್ಕೋರು ಹೇಳಿಕೊಟ್ಟದ್ದು. ಆದರೆ ಮನೆಯಲ್ಲಿ ಸಕ್ಕರೆ ಎರಡೇ ಚಮಚ ಇತ್ತು! ಸುರಿಯುವ ಮಳೆಯಲ್ಲಿ ಆಚೆ ಮನೆಯ ಕಾಕಿ ಹತ್ತಿರ ಓಡಿ ತಂದೆವು.

ರಾತ್ರಿಯಿಡೀ ಅವ್ವ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಚಮಚದಿಂದ ಕುಡಿಸಿದಳು. ಕುಡಿಸಿದ್ದು ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಒಂದೊಂದೇ ಚಮಚ. ನಡುನಡುವೆ ತಾಯಿ ಹಾಲು, ಬೆಳಗಿನ ಜಾವ ತೆಳ್ಳಗಿನ ಜ್ವಾಳದ ಗಂಜಿ. ಐದು ಗಂಟೆಗೆ ಹುಡುಗ ಉಚ್ಚೆ ಹೊಯ್ದ. ಸದಸ್ಯ ಬಾಂಧವರೆ, ಮಗ ಉಚ್ಚೆ ಹೊಯ್ದದ್ದಕ್ಕೆ ಇಡೀ ಮನೆ ಕಣ್ಣೀರು ಹಾಕಿದ್ದನ್ನು ನಾನು ಅವತ್ತೇ ಕಂಡದ್ದು. ಏಳರ ಸುಮಾರಿಗೆ ಹಳ್ಳ ಇಳಿಯಿತು, ಹೆಗಲ ಮೇಲೆ ಹೊತ್ತು ದಾಟಿಸಿದೆವು. ದವಾಖಾನಿಯಲ್ಲಿ ಎರಡು ದಿನ ಸಲಾಯಿನ್ ಹಚ್ಚಿದರು, ಝಿಂಕ್ ಗುಳಿಗೆ ಕೊಟ್ಟರು. ಈಗ ಶಾಲೆಗೆ ಹೋಗುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ.

ಈ ಸಕ್ಕರೆ-ಉಪ್ಪಿನ ನೀರು ಸಣ್ಣ ಮಾತಲ್ಲ ಎಂದು ಆಮೇಲೆ ತಿಳಿಯಿತು. 1971ರಲ್ಲಿ ಬಾಂಗ್ಲಾ ಯುದ್ಧ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹತ್ತಿ, ನೂರಕ್ಕೆ ಮೂವತ್ತು ರೋಗಿಗಳು ಸಾಯುತ್ತಿದ್ದರಂತೆ. ಸಲಾಯಿನ್ ತೀರಿಹೋಗಿತ್ತು. ಆಗ ಡಾ. ದಿಲೀಪ್ ಮಹಾಲನಬಿಸ್ ಎಂಬುವವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಕೂಡಿಸಿ ಡ್ರಮ್ಮಿನಲ್ಲಿ ನೀರು ಮಾಡಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ನಾಲ್ಕರೊಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಸರಕಾರ ಪದ್ಮವಿಭೂಷಣ ಕೊಟ್ಟಿತು. ಯಾವ ಕಾಡಿನ ಬೇರೂ ಅಲ್ಲ, ನಮ್ಮ ಅಡಿಗೆಮನೆಯ ಸಾಮಾನೇ.

ಈ ಕಥೆ ಹೇಳಿ ಕುಂತರೆ ನೀವು ಚಪ್ಪಾಳೆ ಹೊಡೆಯುತ್ತೀರಿ. ಆದರೆ ಇನ್ನೊಂದು ಹೇಳದಿದ್ದರೆ ನಾನು ಅರ್ಧ ಸುಳ್ಳು ಹೇಳಿದಂತೆ.

1998ರ ಮಳೆಗಾಲ. ನನಗೆ ಇಪ್ಪತ್ತು ವಯಸ್ಸು. ನಮ್ಮ ಕಾಕಾ ಹೊಲದ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಎದ್ದು, "ಹೊಟ್ಟಿ ಮುರದಂಗ ಆಗ್ಲತ್ತದ" ಅಂದರು. ನಾನು ಅಜವಾನ ಜಗಿಯಲು ಕೊಟ್ಟೆ. ಸ್ವಲ್ಪ ಹೊತ್ತಿಗೆ ಕಣ್ಣು ರೆಪ್ಪೆ ಎತ್ತಲಾಗದಾಯಿತು, ಮಾತು ತೊದಲಿತು. ಆಗ ಹುಳ ಮುಟ್ಟಿದೆ ಎಂಬ ಅನುಮಾನ ಬಂತು. ಕಾಲಲ್ಲಿ ಹಲ್ಲಿನ ಗುರುತೂ ಸರಿಯಾಗಿ ಕಾಣುತ್ತಿರಲಿಲ್ಲ. ಬೇವಿನ ತಪ್ಪಲು ತಿನ್ನಿಸಿದೆವು. ಕಹಿ ಹತ್ತಿದರೆ ವಿಷ ಏರಿಲ್ಲ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅವರು "ಕಹಿ ಅದ" ಅಂದರು, ನಮಗೆ ಧೈರ್ಯ ಬಂತು. ಮೊಣಕಾಲಿಗೆ ಹಗ್ಗ ಬಿಗಿದೆವು. ಆ ಹಗ್ಗ ಬಿಗಿದವನು ನಾನೇ. ಆಮೇಲೆ ಬೇರು ತೇಯ್ದು ಕೊಡುವವರಲ್ಲಿಗೆ ಎತ್ತಿನ ಗಾಡಿಯಲ್ಲಿ ಒಯ್ದೆವು. ಅಲ್ಲಿ ಒಂದೂವರೆ ತಾಸು ಹೋಯಿತು. ಜೀಪು ಹಿಡಿದು ಕಲಬುರಗಿ ಹಾದಿ ಹಿಡಿಯುವಷ್ಟರಲ್ಲಿ ಉಸಿರು ನಿಂತಿತ್ತು.

ಅದು ಕಟ್ಟುಹಾವು ಇದ್ದಿರಬೇಕು ಎಂದು ಎಷ್ಟೋ ವರ್ಷದ ಮೇಲೆ ಡಾಕ್ಟರೊಬ್ಬರು ನನಗೆ ತಿಳಿಸಿ ಹೇಳಿದರು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚುವುದು ಹೆಚ್ಚು. ನೋವಿಲ್ಲ, ಬಾವಿಲ್ಲ, ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಬೀಳುವುದು, ಕಡೆಗೆ ಉಸಿರು. ಬೇವು ಕಹಿ ಹತ್ತುವುದಕ್ಕೂ ವಿಷಕ್ಕೂ ಸಂಬಂಧವೇ ಇಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿ ಒಂದೇ ಇಂಜೆಕ್ಷನ್ ಇದೆ, ಕುದುರೆ ರಕ್ತದಿಂದ ತಯಾರು ಮಾಡುತ್ತಾರೆ. ಅದು ದವಾಖಾನಿಯಲ್ಲಿ ಮಾತ್ರ ಇರುತ್ತದೆ. ಮನೆಯಲ್ಲಿ ಇಡಲಿಕ್ಕೆ ಬರುವುದಿಲ್ಲ, ಬೇರಿನಲ್ಲಿ ಸಿಗುವುದಿಲ್ಲ. ನಮ್ಮ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ದವಾಖಾನಿಯವರು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಹಾವು ಕಚ್ಚಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು. ಕಾಲುಂಗುರ, ಉಡದಾರ ಬಿಚ್ಚಬೇಕು, ಕಾಲು ಅಲುಗದಂತೆ ದಬ್ಬೆ ಇಟ್ಟು ಬಟ್ಟೆ ಸುತ್ತಬೇಕು, ನಡೆಸಬಾರದು, ಹೊತ್ತುಕೊಂಡೇ ಹೋಗಬೇಕು. ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಔಷಧ ಅಂದರೆ ಸೊಳ್ಳೆಪರದೆ ಮತ್ತು ಬ್ಯಾಟರಿ. ಪರದೆಯ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿದರೆ ಹುಳ ಒಳಗೆ ಬರುವುದಿಲ್ಲ.

ಹಾಗಾದರೆ ಅವ್ವನ ಡಬ್ಬಿ ಸುಳ್ಳೇ? ಅಲ್ಲ. ಅವ್ವ ಹೋಗಿ ಮೂರು ವರ್ಷದ ಮೇಲಾಯಿತು, ಡಬ್ಬಿ ಇನ್ನೂ ಮಾಡದಲ್ಲಿದೆ. ಅಜವಾನ, ಶುಂಠಿ, ಲವಂಗ, ಜೀರಿಗೆ, ಅರಿಷಿಣ, ಹುಣಸೆ ಬೀಜ. ಲವಂಗ ಹಲ್ಲುನೋವಿಗೆ ರಾತ್ರಿ ಕಳೆಸುತ್ತದೆ, ಖರೆ. ಶುಂಠಿ ಕಷಾಯ ನೆಗಡಿಗೆ ಹಿತ. ಅಜವಾನ ಹೊಟ್ಟೆ ಉಬ್ಬರಕ್ಕೆ ಬರುತ್ತದೆ. ಆದರೆ ನಲವತ್ತು ದಾಟಿದವರಿಗೆ ಎದೆ ಒತ್ತಿದಂತಾಗಿ, ಮೈ ಬೆವರಿ, ಎಡಗೈ ಸೆಳೆತ ಬಂದರೆ, "ಗ್ಯಾಸ್ ಆಗ್ಯಾದ" ಅಂತ ಅಜವಾನ ಜಗಿದು ಮಲಗಬೇಡಿ. ನಮ್ಮ ಸಂಘದ ಇಬ್ಬರು ಹಿರಿಯ ಸದಸ್ಯರನ್ನು ನಾವು ಹಾಗೇ ಕಳೆದುಕೊಂಡೆವು. ಹೆಸರು ಬೇಡ, ಅವರ ಮನೆಯವರು ಇಲ್ಲೇ ಇದ್ದಾರೆ.

ಚೇಳು ಕಡಿದರೆ ಹುಣಸೆ ಬೀಜ ತೇಯ್ದು ಅಂಟಿಸುತ್ತೇವೆ. ದೊಡ್ಡವರು ನೋವು ತಡೆದುಕೊಂಡು ಎರಡು ದಿನಕ್ಕೆ ಎದ್ದು ಓಡಾಡುತ್ತಾರೆ, ಹೆಸರು ಬೀಜಕ್ಕೆ ಬರುತ್ತದೆ. ಕೆಂಪು ಚೇಳು ಮಕ್ಕಳಿಗೆ ಕಚ್ಚಿದರೆ ಮಾತ್ರ ಹೃದಯಕ್ಕೇ ಏರುತ್ತದೆ. ಮೈ ಬೆವೆತು, ಕೈಕಾಲು ತಣ್ಣಗಾಗಿ, ವಾಂತಿ ಬಂದರೆ ಒಂದು ಕ್ಷಣ ನಿಲ್ಲಬಾರದು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಎಂಬುವವರು ಪ್ರಾಜೋಸಿನ್ ಎಂಬ ಬಿ.ಪಿ. ಗುಳಿಗೆಯಿಂದ ಇಂಥ ಎಷ್ಟೋ ಮಕ್ಕಳನ್ನು ಉಳಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರದೂ ಹಳ್ಳಿಗಾಡಿನ ದವಾಖಾನಿಯೇ.

ಡಬ್ಬಿಯಲ್ಲಿ ಎಲ್ಲಕ್ಕಿಂತ ಮೊದಲು ಇಡಬೇಕಾದದ್ದು ಸಾಬೂನು ಎಂದರೆ ನೀವು ನಗುತ್ತೀರಿ. ನಾಯಿ ಕಚ್ಚಿದರೆ ನಾವು ಖಾರಪುಡಿ, ಸುಣ್ಣ ಮೆತ್ತುತ್ತೇವೆ. ಮಾಡಬೇಕಾದದ್ದು ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯುವುದು, ಅವತ್ತೇ ಹೋಗಿ ಸೂಜಿ ಹಾಕಿಸುವುದು. ಹುಚ್ಚುನಾಯಿ ರೋಗ ಒಮ್ಮೆ ಶುರುವಾದರೆ ಉಳಿಯುವುದಿಲ್ಲ. ತೊಗರಿಗೆ ಔಷಧ ಹೊಡೆಯುವಾಗ ಮೈಮೇಲೆ ಚೆಲ್ಲಿದರೂ ಇದೇ ಸಾಬೂನು. ಬಟ್ಟೆ ಬಿಚ್ಚಿ ಒಗೆದು ಮೈ ತೊಳೆಯಬೇಕು. ಯಾರಾದರೂ ಔಷಧ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಬಾಟಲಿಯನ್ನು ಕೈಯಲ್ಲೇ ಹಿಡಿದು ದವಾಖಾನಿಗೆ ಓಡಬೇಕು. ಡಾಕ್ಟರಿಗೆ ಬೇಕಾದದ್ದು ಆ ಚೀಟಿ. 2017ರಲ್ಲಿ ಯವತಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ನಮ್ಮಂಥ ರೈತರೇ.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಡುವುದು, ಪೇಸ್ಟೂ ಬೇಡ ಶಾಯಿಯೂ ಬೇಡ. ಕುಡಗೋಲು ತಾಗಿದರೆ ಒಗೆದು ಒಣಗಿಸಿಟ್ಟ ಹತ್ತಿ ಬಟ್ಟೆಯಿಂದ ಒತ್ತಿ ಹಿಡಿಯುವುದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ ಎಂದು ಡಾಕ್ಟರರು ಹೇಳುತ್ತಾರೆ, ಅಜ್ಜಿಯಂದಿರು ಕೋಪಿಸಿಕೊಳ್ಳಬಾರದು. ನಮ್ಮ ಮೇ ತಿಂಗಳ ಬಿಸಿಲಿಗೆ ಮಾವಿನಕಾಯಿ ಪಾನಕ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಕಿಸೆ ನಾರುತ್ತದೆ, ಅಷ್ಟೇ. ಬಿಸಿಲು ಬಡಿದು ಮಾತು ತಪ್ಪಿದವನ ಬಾಯಿಗೆ ಏನೂ ಹಾಕಬೇಡಿ. ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, ಗಾಡಿ ಹತ್ತಿಸಿ.

ಇನ್ನೊಂದು ಮಾತು. ದೇಶದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು, 2020ರ ಮಾರ್ಚದಲ್ಲಿ. ಎಲ್ಲ ಬಂದ್ ಆದಾಗ ಊರ ತುಂಬ ಕಷಾಯವೋ ಕಷಾಯ. ಕರಿಮೆಣಸು ಕುಡಿದು ಕುಡಿದು ಹೊಟ್ಟೆ ಉರಿದವರನ್ನು ನಾನು ಕಂಡೆ. ಆದರೆ ಖರೇ ತ್ರಾಸು ಯಾರಿಗಾಯಿತು ಅಂದರೆ ಸಕ್ಕರೆ ರೋಗ, ಬಿ.ಪಿ., ಮೂರ್ಛೆ ಗುಳಿಗೆ ತೀರಿದವರಿಗೆ. ನಮ್ಮ ಅಕ್ಕ ಬ್ರಹ್ಮಪುರದಿಂದ ನಮ್ಮ ಅಪ್ಪನ ಗುಳಿಗೆ ಹಾಲಿನ ಗಾಡಿಯವನ ಕೈಯಲ್ಲಿ ಕಳಿಸಿದಳು, ಅದು ಮುಟ್ಟಲಿಕ್ಕೆ ನಾಲ್ಕು ದಿನ. ದಿನಾ ಗುಳಿಗೆ ನುಂಗುವವರು ಹದಿನೈದು ದಿನದ್ದು ಮುಂಚಿತವಾಗಿ ತೆಗೆದಿಟ್ಟುಕೊಳ್ಳಿರಿ. ಅದೂ ಮನೆಮದ್ದೇ ಅಂತ ತಿಳಿಯಿರಿ.

ಅವ್ವನ ಡಬ್ಬಿಗೆ ಮತ್ತೆ ಬರುತ್ತೇನೆ. ಅವಳು ಹೋದ ಮೇಲೆ ಅದನ್ನು ತೆರೆದು ನೋಡಿದೆ. ಶುಂಠಿಗೆ ಹುಳ ಬಿದ್ದಿತ್ತು, ಅಜವಾನಕ್ಕೆ ವಾಸನೆಯೇ ಇರಲಿಲ್ಲ, ಅರಿಷಿಣ ಗಡ್ಡೆ ಕಟ್ಟಿತ್ತು. ಅವಳಿದ್ದಾಗ ಪ್ರತಿ ಯುಗಾದಿಗೆ ಬಿಸಿಲಿಗೆ ಹಾಕಿ ಹಳೆಯದನ್ನು ಚೆಲ್ಲಿ ಹೊಸದು ತುಂಬುತ್ತಿದ್ದಳು. ನಾವು ಡಬ್ಬಿಯನ್ನು ಇಟ್ಟುಕೊಂಡೆವು, ಆ ಕೆಲಸವನ್ನು ಬಿಟ್ಟೆವು.

ಈಗ ನಮ್ಮ ಸಂಘದ ಮಾತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದು ರೈತನಿಗೆ ಅಡಚಣೆ ಕಾಲಕ್ಕೆ ಕೈಗೆ ರೊಕ್ಕ ಸಿಗಲಿ ಅಂತ. 2003ರಲ್ಲಿ ಯಶಸ್ವಿನಿ ಬಂದದ್ದೂ ಸಹಕಾರಿ ಸಂಘದ ಮೂಲಕವೇ. ನಡುವೆ ನಿಂತಿತ್ತು, ಮತ್ತೆ ಶುರುವಾಗಿದೆ, ಕಾರ್ಡು ಮಾಡಿಸದವರು ಮಾಡಿಸಿಕೊಳ್ಳಿರಿ. ಅಂದರೆ ಆರೋಗ್ಯದ ಕೆಲಸ ನಮಗೆ ಹೊಸದಲ್ಲ. ಆದರೆ ಆ ಅಕ್ಟೋಬರ್ ರಾತ್ರಿ ನಮ್ಮ ಗೋದಾಮಿನಲ್ಲಿ ಯೂರಿಯಾ ಇತ್ತು, ಬೀಜ ಇತ್ತು, ಕಾಯಿಕೊರಕಕ್ಕೆ ಔಷಧ ಇತ್ತು. ಒಂದು ಓ.ಆರ್.ಎಸ್. ಪೊಟ್ಟಣ ಇರಲಿಲ್ಲ. ತೊಗರಿ ಹುಳಕ್ಕೆ ಮದ್ದು ಅದ, ತೊಗರಿ ಬೆಳೆಯುವವನ ಕೂಸಿಗೆ ಇಲ್ಲ. ಆಗ ನಾನೂ ನಿರ್ದೇಶಕನೇ, ಅದರಲ್ಲಿ ನನ್ನ ಪಾಲೂ ಇದೆ.

ಅದಕ್ಕೇ ಈ ಸಭೆಯಲ್ಲಿ ಒಂದು ಸೂಚನೆ ಇಡುತ್ತೇನೆ. ಸಂಘದ ಕಚೇರಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇರಲಿ. ಅದರಲ್ಲಿ ಐವತ್ತು ಓ.ಆರ್.ಎಸ್. ಪೊಟ್ಟಣ, ಎರಡು ಕಿಲೋ ಸಕ್ಕರೆ, ಒಂದು ಕಿಲೋ ಉಪ್ಪು, ಅಳತೆಯ ಚಮಚ, ಸಾಬೂನು, ತೊಳೆದ ಬಟ್ಟೆ, ಬಿದಿರಿನ ದಬ್ಬೆ, ಎರಡು ಬ್ಯಾಟರಿ, ಒಂದು ಡೋಲಿ ಇರಲಿ. ಮುಚ್ಚಳದ ಒಳಗೆ 108 ಎಂದು ಬರೆದು, ಆಶಾ ಕಾರ್ಯಕರ್ತೆಯ ನಂಬರು, ಟ್ರ್ಯಾಕ್ಟರ್ ಇರುವ ಮೂರು ಸದಸ್ಯರ ನಂಬರು ಅಂಟಿಸಿರಲಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ಹೆಣ್ಣುಮಕ್ಕಳ ಸ್ವಸಹಾಯ ಸಂಘದವರು ತೆರೆದು ನೋಡಿ ತಾರೀಖು ಮೀರಿದ್ದನ್ನು ಬದಲಿಸಲಿ. ಖರ್ಚು ನಮ್ಮ ನಿರ್ದೇಶಕರ ಸಭಾ ಭತ್ಯದಿಂದ ಹೋಗಲಿ, ನನ್ನದನ್ನು ಮೊದಲು ಹಿಡಿಯಿರಿ.

ನಿನ್ನೆ ಆಡಳಿತ ಮಂಡಳಿಯಲ್ಲಿ ಈ ಮಾತು ಎತ್ತಿದಾಗ ಒಬ್ಬರು, "ಸಕ್ಕರಿ ಕಳುವಾಗ್ತದ, ಕೀಲಿ ಹಾಕ್ರಿ" ಅಂದರು. ಆಗಲಿ, ಕಳುವಾದರೆ ನಾನು ತುಂಬಿಕೊಡುತ್ತೇನೆ. ಪೆಟ್ಟಿಗೆಗೆ ಕೀಲಿ ಬೇಡ, ಅದನ್ನು ಬಾಗಿಲ ಹೊರಗೆ ಪಡಸಾಲೆಯಲ್ಲೇ ಇಡಬೇಕು ಎಂದು ಅಧ್ಯಕ್ಷರು ಇವತ್ತೇ ಠರಾವು ಬರೆಸಬೇಕಾಗಿ ಕೇಳಿಕೊಳ್ಳುತ್ತೇನೆ.