ಹಲವು ಜನರ ನಡುವೆ ನಾಯಕತ್ವ



ಕನ್ನಡದಲ್ಲಿ ಓದಿದ ಮಕ್ಕಳು ಹೊರಜಗತ್ತಿನಲ್ಲಿ ಹಿಂದೆ ಬಿದ್ದಾರೆಂಬ ಅಳುಕು ಕಾಸರಗೋಡಿನ ನಮ್ಮ ಅನೇಕ ಮನೆಗಳಲ್ಲಿದೆ. ಬೇರೆ ಬೇರೆ ನುಡಿ ನಡೆಗಳ ಜನರನ್ನು ಒಟ್ಟಿಗೆ ಕರೆದೊಯ್ಯುವ ಶಕ್ತಿಯಾದರೂ ಎಲ್ಲಿಂದ ಬರುತ್ತದೆ? ನೆರೆಯ ಮಂಗಳೂರಿನಲ್ಲಿ 1887ರಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರ ಬಾಳನ್ನು ನೋಡೋಣ.

ತುಳು, ಕನ್ನಡ, ಕೊಂಕಣಿಗಳು ಬೆರೆತ ನಾಡಿನಿಂದ ಹೊರಟ ಅವರು ಬಂಗಾಳ, ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸಿ, ಸಂವಿಧಾನ ಸಭೆಯ ಸಲಹೆಗಾರರಾದರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಅಷ್ಟಕ್ಕೇ ತೃಪ್ತರಾಗದೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿನ ನ್ಯಾಯವೇತ್ತರ ಅನುಭವವನ್ನು ಕೇಳಿ ತಿಳಿದರು. ಬರ್ಮಾ ದೇಶವೂ ತನ್ನ ಸಂವಿಧಾನದ ರಚನೆಗೆ ಅವರ ನೆರವನ್ನು ಪಡೆಯಿತು. 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು.

ಬಲ್ಲವರಾಗಿಯೂ ಕೇಳುವ ವಿನಯ, ಕೇಳಿದ್ದನ್ನೆಲ್ಲ ಹೊತ್ತು ತಾರದೆ ನಮ್ಮ ನೆಲಕ್ಕೆ ಒಪ್ಪುವುದನ್ನು ಆರಿಸುವ ವಿವೇಕ, ಇವೆರಡನ್ನೂ ನಾವು ಅವರಿಂದ ಕಲಿಯಬೇಕು. ಗಡಿಯಲ್ಲಿ ಬಾಳುವ ನಮಗೆ ಇದರ ಅಭ್ಯಾಸಕ್ಕೆ ದಿನವೂ ಅವಕಾಶವಿದೆ. ಆದರೆ ಅದು ತಾನಾಗಿ ಕೈಗೂಡುವುದಿಲ್ಲ. ನಮ್ಮ ಮಕ್ಕಳು ಕನ್ನಡವನ್ನು ಆಳವಾಗಿ ಓದಲಿ; ಮಲಯಾಳವನ್ನು ಮಾತಿಗಷ್ಟೇ ಅಲ್ಲ, ಓದುಬರಹಕ್ಕೂ ಕಲಿಯಲಿ. ಸಂಘದ ಸಭೆಗಳಿಗೆ ನೆರೆಯ ಮಲಯಾಳಿ ಬಾಂಧವರನ್ನೂ ಕರೆಯೋಣ. ನಮ್ಮ ಶಾಲೆಯ, ನಮ್ಮ ಭಾಷೆಯ ಹಕ್ಕನ್ನು ಅವರ ಮನಸ್ಸಿಗೂ ಒಪ್ಪುವಂತೆ ಹೇಳಬಲ್ಲ ತರುಣ ತರುಣಿಯರೇ ನಾಳೆ ನಮಗೆ ಬೇಕಾದ ನಾಯಕರು.