ಆರು ಪೌಂಡಿನ ಬಂಡವಾಳ
(ಜುಮಾ ಪ್ರವಚನದ ಸಾರಾಂಶ)



ವ್ಯಾಪಾರದ ಬಗ್ಗೆ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಸಂಪಾದನೆ ಹಲಾಲೋ ಅಲ್ಲವೋ, ಝಕಾತ್ ಕೊಟ್ಟಾಯಿತೋ ಇಲ್ಲವೋ. ಎರಡೂ ಕೇಳಲೇಬೇಕಾದವು. ಮೂರನೆಯದೊಂದಿದೆ: ಈ ವ್ಯಾಪಾರದಿಂದ ಯಾರಿಗೆ ಬಾಗಿಲು ತೆರೆಯಿತು? ಹಝ್ರತ್ ಖದೀಜಾ(ರ) ಮಕ್ಕಾದ ವರ್ತಕಿಯಾಗಿದ್ದರು, ಪ್ರವಾದಿ(ಸ)ರು ಯೌವನದಲ್ಲಿ ಅವರ ಸರಕು ಹೊತ್ತು ಸಿರಿಯಾಕ್ಕೆ ಹೋಗಿದ್ದರು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಗಣಿತದಲ್ಲೋ ಕಂಪ್ಯೂಟರಿನಲ್ಲೋ ಪದವಿ ಪಡೆದ ಮಗಳು ಮದುವೆಯ ನಂತರ ಪುಸ್ತಕವನ್ನು ಕಪಾಟಿನಲ್ಲಿಟ್ಟಾಗ, ಅದು ಹಾಗೆಯೇ ಆಗಬೇಕಾದದ್ದು ಎಂಬಂತೆ ಇದ್ದುಬಿಡುತ್ತೇವೆ.

ಇಂದು ಹೇಳಹೊರಟಿರುವುದು ಬ್ರಿಟನ್ನಿನ ಸ್ಟೆಫನಿ ಶರ್ಲಿ ಎಂಬ ಮಹಿಳೆಯ ಕಂಪನಿಯ ಸಂಗತಿ. ಅವರು ನಮ್ಮವರಲ್ಲ. ಒಳ್ಳೆಯ ಕೆಲಸವನ್ನು ಕಲಿಯುವಾಗ ಅದನ್ನು ಮಾಡಿದವರ ಮನೆತನ ವಿಚಾರಿಸಬೇಕಾಗಿಲ್ಲ.

1933ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಹುಟ್ಟಿದ ಮಗು. ತಂದೆ ಯಹೂದಿ ನ್ಯಾಯಾಧೀಶರು, ನಾಝಿಗಳ ಕಾಲದಲ್ಲಿ ಹುದ್ದೆ ಕಳೆದುಕೊಂಡವರು. 1939ರಲ್ಲಿ, ಐದನೆಯ ವಯಸ್ಸಿನಲ್ಲಿ, ಒಂಬತ್ತು ವರ್ಷದ ಅಕ್ಕನ ಕೈ ಹಿಡಿದುಕೊಂಡು ನಿರಾಶ್ರಿತ ಮಕ್ಕಳ ರೈಲಿನಲ್ಲಿ ಇಂಗ್ಲೆಂಡಿಗೆ ಬಂದರು. ಅಪರಿಚಿತ ದಂಪತಿ ಸಾಕಿ ಬೆಳೆಸಿದರು. ಉಳಿಸಿಕೊಟ್ಟ ಬದುಕನ್ನು ಉಳಿಸಲು ಯೋಗ್ಯವಾಗುವಂತೆ ಬಾಳಬೇಕು ಎಂಬುದು ಆ ಹುಡುಗಿಯ ಮನಸ್ಸಿನಲ್ಲಿ ಊರಿತು. ಅವರು ಓದುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಬೇಕಾದಷ್ಟು ಗಣಿತ ಕಲಿಸುವವರಿರಲಿಲ್ಲ. ಅನುಮತಿ ಪಡೆದು ಗಂಡುಮಕ್ಕಳ ಶಾಲೆಗೆ ಹೋಗಿ ಕಲಿತರು. ಮುಂದೆ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತ, ಸಂಜೆ ತರಗತಿಗಳಲ್ಲಿ ಆರು ವರ್ಷ ಓದಿ ಗಣಿತದ ಪದವಿ ಪಡೆದರು.

ಆ ಕಾಲದ ಬ್ರಿಟನ್ನಿನಲ್ಲಿ ಹೆಣ್ಣು ಮದುವೆಯಾದರೆ ಅಥವಾ ಮೊದಲ ಮಗು ಹುಟ್ಟುವುದಿದ್ದರೆ ಕೆಲಸ ಬಿಡುವುದು ವಾಡಿಕೆ. ಬ್ಯಾಂಕಿನಲ್ಲಿ ಖಾತೆ ತೆರೆಯಲೂ ಗಂಡನ ಒಪ್ಪಿಗೆ ಬೇಕಾಗಿತ್ತು ಎಂದು ಶರ್ಲಿಯವರೇ ಹೇಳಿದ್ದಾರೆ. (ಇಂಥ ಕಟ್ಟುಪಾಡುಗಳೆಲ್ಲ ನಮ್ಮ ಸಮಾಜದ ಸೊತ್ತು ಎಂದು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.) ಹೀಗಾಗಿ ತರಬೇತಿ ಪಡೆದ ಪ್ರೋಗ್ರಾಮರ್‌ಗಳು ಮನೆಗಳಲ್ಲಿ ಕುಳಿತಿದ್ದರು. ಶರ್ಲಿ ಕಂಡದ್ದು ಇದನ್ನೇ. 1962ರಲ್ಲಿ ಆರು ಪೌಂಡ್ ಬಂಡವಾಳದಲ್ಲಿ, ತಮ್ಮ ಊಟದ ಮೇಜಿನಿಂದಲೇ, 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಎಂಬ ಕಂಪನಿ ಆರಂಭಿಸಿದರು.

ಕೆಲಸ ಕೇಳಿ ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಗಂಡನ ಸಲಹೆಯಂತೆ 'ಸ್ಟೀವ್ ಶರ್ಲಿ' ಎಂದು ಸಹಿ ಹಾಕತೊಡಗಿದರು. ಉತ್ತರಗಳು ಬಂದವು. ಮನೆಯಲ್ಲಿ ಕೈಗೂಸು. ಫೋನಿನಲ್ಲಿ ಮಗುವಿನ ಅಳು ಕೇಳಿಸದಿರಲೆಂದು ಟೈಪ್‌ರೈಟರಿನ ಸದ್ದನ್ನು ಟೇಪಿನಲ್ಲಿ ಹಾಕಿಡುತ್ತಿದ್ದರು!

ಕೆಲಸದ ಕ್ರಮವನ್ನು ನಾವು ಇನ್ನೂ ಹತ್ತಿರದಿಂದ ನೋಡಬೇಕು. ಆಗ ಮನೆಯಲ್ಲಿ ಕಂಪ್ಯೂಟರ್ ಎಲ್ಲಿತ್ತು? ಪೆನ್ಸಿಲಿನಿಂದ ಕಾಗದದ ಮೇಲೆ ಪ್ರೋಗ್ರಾಮ್ ಬರೆಯಬೇಕು, ಅದು ಅಂಚೆಯಲ್ಲಿ ಹೋಗಬೇಕು, ಬೇರೆಡೆ ಕಾರ್ಡುಗಳಲ್ಲಿ ತೂತು ಹೊಡೆಸಿ ಯಂತ್ರಕ್ಕೆ ಉಣಿಸಬೇಕು. ಸೇರಬಯಸುವವರಿಗಿದ್ದ ಮುಖ್ಯ ಪ್ರಶ್ನೆಗಳಲ್ಲೊಂದು ಮನೆಯಲ್ಲಿ ಫೋನ್ ಇದೆಯೇ ಎಂಬುದು. ಗ್ರಾಹಕರಿಗೆ ಗಂಟೆಗಿಷ್ಟು ಎನ್ನದೆ ಇಡೀ ಕೆಲಸಕ್ಕೆ ಮೊದಲೇ ಬೆಲೆ ಹೇಳಿದರು. ಇದರಲ್ಲೇ ಇದೆ ಗುಟ್ಟು. ಬೆಲೆ ಕೆಲಸಕ್ಕೆ ನಿಂತಾಗ, ಅದನ್ನು ಹಗಲು ಮಾಡಿದರೋ, ಮಗು ಮಲಗಿದ ಮೇಲೆ ರಾತ್ರಿ ಮಾಡಿದರೋ ಎಂದು ಕೇಳುವ ಅಗತ್ಯ ಯಾರಿಗೂ ಇಲ್ಲ. ಬಿಡಿಬಿಡಿಯಾಗಿ ಕುಳಿತವರ ಕೆಲಸ ಒಂದಕ್ಕೊಂದು ಹೊಂದಬೇಕಲ್ಲ, ಅದಕ್ಕಾಗಿ ಕಟ್ಟುನಿಟ್ಟಿನ ನಿಯಮಾವಳಿ ಬರೆದುಕೊಂಡರು. ಕಾಂಕಾರ್ಡ್ ವಿಮಾನದ 'ಕಪ್ಪು ಪೆಟ್ಟಿಗೆ'ಯ ಪ್ರೋಗ್ರಾಮ್ ಬರೆದವರು ಹೀಗೆ ಮನೆಗಳಲ್ಲಿ ಕುಳಿತ ಹೆಂಗಸರೇ.

ಮೊದಲ 300 ನೌಕರರಲ್ಲಿ 297 ಮಂದಿ ಮಹಿಳೆಯರು. 1975ರಲ್ಲಿ ಲಿಂಗ ತಾರತಮ್ಯ ನಿಷೇಧ ಕಾನೂನು ಬಂದಾಗ ವಿಚಿತ್ರವಾಯಿತು. ಮಹಿಳೆಯರ ನೆರವಿಗೆಂದು ಬಂದ ಕಾನೂನಿನಿಂದಾಗಿ ಮಹಿಳೆಯರಿಗೇ ಆದ್ಯತೆ ಕೊಡುವ ಅವರ ಕ್ರಮ ಅಕ್ರಮವಾಯಿತು. ಗಂಡಸರನ್ನೂ ಸೇರಿಸಿಕೊಂಡರು. ಕಂಪನಿ ಕುಸಿಯಲಿಲ್ಲ.

ಇದು ದಾನ ಸಂಸ್ಥೆಯಾಗಿರಲಿಲ್ಲ ಎಂಬುದು ನಮ್ಮ ದೃಷ್ಟಿಯಲ್ಲಿ ದೊಡ್ಡ ಮಾತು. ಸದಕಾ ಪಡೆದವರು ಮುಂದಿನ ವರ್ಷವೂ ಸಾಲಿನಲ್ಲಿ ನಿಲ್ಲಬೇಕಾಗಬಹುದು. ದುಡಿಮೆಯ ಬೆಲೆ ಪಡೆದವರು ತಾವೇ ಝಕಾತ್ ಲೆಕ್ಕ ಹಾಕುವವರಾಗಬಹುದು. ಶರ್ಲಿ ಇನ್ನೂ ಮುಂದೆ ಹೋಗಿ, ನೌಕರರಿಂದ ಒಂದು ಪೈಸೆ ಪಡೆಯದೆ ಕಂಪನಿಯ ಕಾಲು ಭಾಗ ಅವರ ಕೈ ಸೇರುವಂತೆ ಮಾಡಿದರು. 1996ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಅದರ ಸಿಬ್ಬಂದಿಯಲ್ಲಿ 70 ಮಂದಿ ಮಿಲಿಯಾಧೀಶರಾದರು. ತಮ್ಮ ಸಂಪತ್ತಿನ ಬಹುಪಾಲನ್ನು ಶರ್ಲಿ ಕೊಟ್ಟೇಬಿಟ್ಟರು, ಮುಖ್ಯವಾಗಿ ಆಟಿಸಂ ಇರುವವರಿಗಾಗಿ. ಅವರ ಒಬ್ಬನೇ ಮಗನಿಗೆ ತೀವ್ರ ಆಟಿಸಂ ಇತ್ತು, 35ನೆಯ ವಯಸ್ಸಿನಲ್ಲಿ ತೀರಿಕೊಂಡ. ಶರ್ಲಿ 2025ರ ಆಗಸ್ಟ್‌ನಲ್ಲಿ, 91ನೆಯ ವಯಸ್ಸಿನಲ್ಲಿ ನಿಧನರಾದರು.

ಸಹೋದರರೇ, ನಮ್ಮಲ್ಲಿ ಅಂಗಡಿ, ಟ್ರಾವೆಲ್ಸ್, ಆಸ್ಪತ್ರೆ, ಶಾಲೆ ನಡೆಸುವವರಿದ್ದಾರೆ. ಬಿಲ್ಲಿಂಗ್ ಸಾಫ್ಟ್‌ವೇರ್, ವೆಬ್‌ಸೈಟ್, ಲೆಕ್ಕಪತ್ರಗಳನ್ನು ಹೊರಗಿನವರಿಂದ ಮಾಡಿಸುತ್ತೇವೆ. ಅದೇ ಕೆಲಸ ಕಲಿತವರು ನಮ್ಮ ಮೊಹಲ್ಲಾದ ಮನೆಗಳಲ್ಲೇ ಇದ್ದಾರೆ. ಅವರು ಮನೆಯಲ್ಲಿರುವುದರಿಂದ ಅರ್ಧ ಬೆಲೆ ಸಾಕು ಎಂದು ಹೋಗುವುದಾದರೆ ಹೋಗದಿರುವುದೇ ಮೇಲು. ಅದು ಸಹಾಯವಲ್ಲ, ಹಕ್ಕು ಕಸಿಯುವುದು. ಮಾರುಕಟ್ಟೆಯ ಬೆಲೆ ಕೊಡಿ, ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ, ಕೆಲಸ ಮುಗಿದ ದಿನವೇ ಹಣ ಪಾವತಿಸಿ. ಕೆಲಸ ಸರಿಯಿಲ್ಲದಿದ್ದರೆ ಬೇರೆಯವರಿಗೆ ಹೇಳುವಂತೆಯೇ ಅವರಿಗೂ ಹೇಳಿ, ತಿದ್ದಿಸಿಕೊಳ್ಳಿ. ಒಂದು ಲ್ಯಾಪ್‌ಟಾಪಿಗೆ ಹಣ ಸಾಲದಿದ್ದರೆ ಜಮಾಅತಿನ ವತಿಯಿಂದ ಬಡ್ಡಿಯಿಲ್ಲದ ಸಾಲ ಕೊಡಬಹುದು. ಮೊದಲು, ನಮ್ಮ ಯಾವ ಮನೆಯಲ್ಲಿ ಯಾರು ಏನು ಓದಿದ್ದಾರೆ ಎಂಬ ಪಟ್ಟಿಯೊಂದು ಬೇಕು. ಅದನ್ನು ಬರೆಯುವ ಕೆಲಸವನ್ನು ಸಹೋದರಿಯರೇ ವಹಿಸಿಕೊಂಡರೆ ಮುಂದಿನ ಜುಮಾದೊಳಗೆ ಮುಗಿದೀತು.